ನೀರಲಹಣ್ಣಿನ ತುಟಿ

ಮಿರಗದ ಮಳೆ ಸುರುವಾದ ಮೇಲೆ ಬಾಗಲಕೋಟೆಯ ನವನಗರದ ನಮ್ಮ ಓಣಿಗೆ ನೀರಲಹಣ್ಣು ಮಾರುವ ಮುದುಕಿಯೊಬ್ಬಳು ಬರುತ್ತಾಳೆ. ಬುಟ್ಟಿ ಇಳಿಸಿ "ಹಣ್ಣ ತಗೋರಿ ಯವ್ವಾ" ಎಂದು ಕೂಗಿದರೆ ನಾನು ಒಳಗೇ ಉಳಿಯುತ್ತೇನೆ. ನಮ್ಮ ಮನೆಯವರೇ ಹೋಗಿ ಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅವರ ನಂಬಿಕೆ. ನನಗೆ ಆ ಹಣ್ಣಿನ ಮೇಲೆ ಸಿಟ್ಟೇನಿಲ್ಲ. ತಿಂದವರ ತುಟಿಯ ಬಣ್ಣ ನೋಡಲಾರೆ, ಅಷ್ಟೆ.

1992ರ ಜೂನ್ ತಿಂಗಳು. ನಾನಾಗ ಇಳಕಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ಇಯತ್ತೆಯ ಅಕ್ಕೋರು. ಬಾಗಲಕೋಟೆ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ವಿಜಾಪುರ ಜಿಲ್ಲೆಯವರು. ಶಾಲೆಯ ಹಿಂದಿನ ಓಣಿಯ ತುಂಬ ಕೈಮಗ್ಗಗಳು. ಮಕ್ಕಳು ಓದುವುದನ್ನು ನಿಲ್ಲಿಸಿದರೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಆ ಓಣಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ವರ್ಗದಲ್ಲಿದ್ದಳು. ಹೆಸರು ಇಲ್ಲಿ ಬೇಡ. ತಂದೆ ಸೀರೆ ನೇಯುತ್ತಿದ್ದ, ತಾಯಿ ಕಂಡಿಕೆ ಸುತ್ತುತ್ತಿದ್ದಳು. ಹುಡುಗಿ ಕಡ್ಡಿಯಂತಿದ್ದಳು, ಆದರೆ ಜಾಣೆ. ಹನ್ನೆರಡರ ಮಗ್ಗಿಯನ್ನು ತಡವರಿಸದೆ ಹೇಳುವವಳು ವರ್ಗದಲ್ಲಿ ಅವಳೊಬ್ಬಳೇ.

ಅವಳ ತುಟಿ ಯಾವಾಗಲೂ ನೀಲಿ. ಶಾಲೆ ಸುರುವಾದ ಮೊದಲ ವಾರವೇ ಕೇಳಿದೆ, "ನೀರಲಹಣ್ಣು ತಿಂದು ಬಾಯಿ ತೊಳಕೊಳ್ಳಾಕ ಬರೂದಿಲ್ಲೇನು?" ಅವಳು ತಲೆ ತಗ್ಗಿಸಿದಳು. ಉಳಿದ ಮಕ್ಕಳು ನಕ್ಕರು. ಮರುದಿನವೂ ಹಾಗೇ ಇತ್ತು. ಹೋಗಿ ತೊಳೆದುಕೊಂಡು ಬಾ ಎಂದು ನೀರಿನ ಹೌದಿಗೆ ಕಳಿಸಿದೆ. ತೊಳೆದು ಬಂದಾಗಲೂ ನೀಲಿಯೇ. ಕಲೆ ಗಟ್ಟಿಯಾಗಿದೆ ಎಂದುಕೊಂಡೆ. ಶ್ರಾವಣ ಹೋಗಿ, ದಸರಾ ಹೋಗಿ, ದೀಪಾವಳಿ ಹತ್ತಿರ ಬಂತು. ಆ ಹೊತ್ತಿಗೆ ನೀರಲಹಣ್ಣು ಎಲ್ಲಿಂದ ಬಂದೀತು ಎಂದು ನನಗೆ ಹೊಳೆಯಲಿಲ್ಲ.

ಇನ್ನೊಂದು ಅಭ್ಯಾಸವಿತ್ತು ಅವಳಿಗೆ. ಆಟಕ್ಕೆ ಬಿಟ್ಟರೆ ಹತ್ತು ಹೆಜ್ಜೆ ಓಡುವಳು, ತಟ್ಟನೆ ಕುಕ್ಕರಗಾಲಲ್ಲಿ ಕುಳಿತು ಬಿಡುವಳು. ಮೊಣಕಾಲು ಎದೆಗೊತ್ತಿಕೊಂಡು ಸ್ವಲ್ಪ ಹೊತ್ತು ಇದ್ದು ಮತ್ತೆ ಏಳುವಳು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೂ ಹಾಗೇ. ರಾಷ್ಟ್ರಗೀತೆಯ ಹೊತ್ತಿಗೆ ಒಮ್ಮೆ ಕುಳಿತಾಗ ನನಗೆ ತಡೆಯಲಾಗಲಿಲ್ಲ. ವರ್ಗಕ್ಕೆ ಬಂದ ಮೇಲೆ, "ಭಾಳ ಕೂಡೂ ಚಟ ಐತಲ್ಲ ನಿನಗ. ಇವತ್ತು ಹಿಂದ ಗ್ವಾಡಿ ಹಂತ್ಯಾಕ ನಿಂದರು. ಕೂತಿ ಅಂದರ ನೋಡು" ಎಂದೆ. ನಿಂತಳು. ಆಮೇಲೆ ಅದೊಂದು ರೂಢಿಯೇ ಆಯಿತು. ವಾರಕ್ಕೆ ಎರಡು ಸಲವೋ ಮೂರು ಸಲವೋ ನಿಲ್ಲಿಸುತ್ತಿದ್ದೆ. ಹೊಡೆದಿಲ್ಲ. ಹೊಡೆಯದ ಅಕ್ಕೋರು ಎಂದು ನನಗೆ ಹೆಸರಿತ್ತು, ಅದರ ಬಗ್ಗೆ ಒಳಗೊಳಗೆ ಹೆಮ್ಮೆಯೂ ಇತ್ತು.

ದೀಪಾವಳಿ ಸೂಟಿಯ ನಂತರ ಅವಳು ಬರಲಿಲ್ಲ. ಜನವರಿಯಲ್ಲಿ, ಬನಶಂಕರಿ ಜಾತ್ರೆಯ ಆಸುಪಾಸು, ಅವಳ ಓಣಿಯ ಹುಡುಗನೊಬ್ಬ ಬಂದು "ಆಕಿ ಸತ್ತಳ್ರಿ ಅಕ್ಕೋರ" ಅಂದ. ಹಾಜರಿಯಲ್ಲಿ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲಾರೆ. ಆದರೆ ಬರುವ ವಾರ ಪರೀಕ್ಷೆಯಿತ್ತು.

ಇಪ್ಪತ್ತೆರಡು ವರ್ಷ ಕಳೆಯಿತು. ವರ್ಗವಾಗಿ ಹುನಗುಂದದ ಒಂದು ಶಾಲೆಗೆ ಬಂದಿದ್ದೆ. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂದು ಸುರು ಮಾಡಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ವೈದ್ಯರ ತಂಡವೇ ಬಂದು ನೋಡುವ ಕಾರ್ಯಕ್ರಮ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಮರುವರ್ಷ ನಮ್ಮ ಶಾಲೆಗೂ ಜೀಪು ಬಂತು. ತಂಡದಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಐದನೆಯ ವರ್ಗದ ಹುಡುಗನೊಬ್ಬನ ಬೆರಳು ಹಿಡಿದು, ಉಗುರಿನ ಬುಡ ಒತ್ತಿ ನೋಡುತ್ತ ನನ್ನನ್ನು ಕೇಳಿದಳು, "ಅಕ್ಕೋರ, ಈ ಹುಡುಗ ಆಡೂ ಮುಂದ ನಡುವು ಕುಕ್ಕರಗಾಲಲೆ ಕೂಡತಾನೇನ್ರಿ?"

ಆ ಹುಡುಗ ಕೂಡುತ್ತಿರಲಿಲ್ಲ. ಅವನ ಹೃದಯಕ್ಕೆ ಏನೂ ಆಗಿರಲಿಲ್ಲವೆಂದು ಮುಂದೆ ಗೊತ್ತಾಯಿತು. ಕೂಡುತ್ತಿದ್ದವಳು ಬೇರೆ.

"ಯಾಕ ಕೇಳಿದ್ರಿ?" ಎಂದೆ. ಅವಳು ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾಲ್ಕು ಕೋಣೆಯ ಹೃದಯ ಬರೆದು ತೋರಿಸಿದಳು. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ನಾಲ್ಕು ದೋಷಗಳು ಒಟ್ಟಿಗೆ ಬಂದಿರುತ್ತವೆ. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ರಂಧ್ರದ ಮೇಲೆಯೇ ಕುಳಿತಿರುತ್ತದೆ. ಇಕ್ಕಟ್ಟಿನ ವಿರುದ್ಧ ದುಡಿದು ದುಡಿದು ಬಲಗೋಣೆಯ ಗೋಡೆ ದಪ್ಪಗಾಗುತ್ತದೆ. 1888ರಲ್ಲಿ ಫ್ಯಾಲೋ ಎಂಬ ಫ್ರೆಂಚ್ ವೈದ್ಯ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ನಿಂತಿದೆ. ಆಮ್ಲಜನಕ ಸಿಗದ ರಕ್ತ ಮೈಯಲ್ಲಿ ಬೆರೆತು ತುಟಿ, ಉಗುರು ನೀಲಿಯಾಗುತ್ತವೆ. ಬೆರಳ ತುದಿ ಉಬ್ಬುತ್ತದೆ. ಓಡಿದಾಗ ನೀಲಿ ಹೆಚ್ಚುತ್ತದೆ. ಆಗ ಕೂಸು ತಾನಾಗಿ ಕುಕ್ಕರಗಾಲಲ್ಲಿ ಕೂಡುತ್ತದೆ. ಕಾಲು ಮಡಿಸಿದಾಗ ಕಾಲಿನ ರಕ್ತನಾಳಗಳು ಒತ್ತಿ ಹೋಗಿ, ಮೈಯ ಕಡೆ ಹರಿಯುವ ರಕ್ತಕ್ಕೆ ಅಡ್ಡಿಯಾಗಿ, ಅಷ್ಟು ಹೆಚ್ಚು ರಕ್ತ ಶ್ವಾಸಕೋಶದ ದಾರಿ ಹಿಡಿಯುತ್ತದೆ. "ಯಾರೂ ಕಲಿಸಿರೂದಿಲ್ರಿ. ಕೂಸು ತಾನ ಕಂಡು ಹಿಡಕೊಂಡ ಔಷಧ ಅದು" ಅಂದಳು.

ಆ ಔಷಧವನ್ನು ನಾನು ವಾರಕ್ಕೆ ಎರಡು ಮೂರು ಸಲ ಕಸಿದುಕೊಳ್ಳುತ್ತಿದ್ದೆ.

ಇಲ್ಲಿ ಒಂದು ಮಾತು ಸ್ಪಷ್ಟ ಹೇಳಬೇಕು. ಆ ಹುಡುಗಿಗೆ ಇದೇ ರೋಗವಿತ್ತೆಂದು ಯಾವ ವೈದ್ಯರೂ ಹೇಳಿಲ್ಲ. ಅವಳನ್ನು ಪರೀಕ್ಷಿಸಿದ ಕಾಗದವಿಲ್ಲ. ಇಪ್ಪತ್ತೆರಡು ವರ್ಷದ ನಂತರ, ನೆನಪಿನಲ್ಲಿ ಉಳಿದ ನೀಲಿ ತುಟಿ ಮತ್ತು ಮಡಿಸಿದ ಕಾಲುಗಳಿಂದ ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ಡಾಕ್ಟರಿಗೂ ಪೂರ್ತಿ ಹೇಳಲಿಲ್ಲ. "ನನ್ನ ಕಡೆ ಒಬ್ಬಾಕಿ ಇದ್ದಳು" ಎಂದಷ್ಟೇ ಹೇಳಿದೆ. ಅವಳು ಅರ್ಥ ಮಾಡಿಕೊಂಡವಳಂತೆ, "ಆಗ ಯಾರಿಗೆ ಗೊತ್ತಿತ್ತು ಬಿಡ್ರಿ" ಅಂದಳು.

ಎಲ್ಲರೂ ಹೇಳುವ ಸಮಾಧಾನ ಅದೇ. ತಿಳಿಯದೆ ಮಾಡಿದ್ದಕ್ಕೆ ದೋಷವಿಲ್ಲ. ನಮ್ಮ ಮನೆಯವರೂ ಅದನ್ನೇ ಹೇಳಿದರು. ಎಷ್ಟೋ ರಾತ್ರಿ ನಾನೂ ಅದನ್ನೇ ಹೊದ್ದು ಮಲಗಲು ನೋಡಿದೆ, ನಿದ್ದೆ ಹತ್ತಲಿಲ್ಲ. ಫ್ಯಾಲೋನ ಹೆಸರು ಗೊತ್ತಿಲ್ಲದಿರುವುದು ತಪ್ಪಲ್ಲ ಎಂಬುದು ನಿಜ. ಆದರೆ ದೀಪಾವಳಿಗೆ ನೀರಲಹಣ್ಣು ಬಿಡುವುದಿಲ್ಲ ಎಂಬುದನ್ನು ತಿಳಿಯಲು ಯಾವ ವೈದ್ಯಶಾಸ್ತ್ರ ಬೇಕು? ತೊಳೆದರೂ ಹೋಗದ ಬಣ್ಣ ಹಣ್ಣಿನದಲ್ಲ ಎಂದು ಅಡುಗೆ ಮನೆಯಲ್ಲಿರುವ ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ? ನಾನು ಕಂಡಿದ್ದೆ, ದಿನಾ ಕಂಡಿದ್ದೆ. ಆದರೆ ಸೋಮಾರಿ, ಕೊಳಕಿ ಎಂಬ ಉತ್ತರ ನನ್ನ ಹತ್ತಿರ ಮೊದಲೇ ಸಿದ್ಧವಿತ್ತು. ಉತ್ತರ ಕೈಯಲ್ಲಿದ್ದವರು ಯಾಕೆ ಪ್ರಶ್ನೆ ಕೇಳುತ್ತಾರೆ? ಸಾವುಕಾರರ ಮನೆಯ ಹುಡುಗಿಯ ತುಟಿ ಹಾಗಿದ್ದರೆ ನಾನು ತಾಯಿಯನ್ನು ಕರೆಸಿ ಕೇಳುತ್ತಿದ್ದೆನೇನೋ. ಈ ಯೋಚನೆ ಬಂದಾಗಲೆಲ್ಲ ಎದ್ದು ನೀರು ಕುಡಿಯುತ್ತೇನೆ.

ಅದಾದ ಮೇಲೆ ಈ ರೋಗದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಇಂಥ ನೀಲಿ ಮಕ್ಕಳಿಗೆ ಮೊದಲು ದಾರಿ ಹುಡುಕಿದವಳು ಒಬ್ಬ ಹೆಂಗಸು, ಅಮೆರಿಕದ ಬಾಲ್ಟಿಮೋರಿನ ಹೆಲೆನ್ ಟಾಸಿಗ್. ಅವಳ ಕಿವಿ ಮಂದವಾಗಿತ್ತು. ಸ್ಟೆಥೋಸ್ಕೋಪಿನ ಸಪ್ಪಳ ನೆಚ್ಚಿಕೊಳ್ಳಲಾರದೆ ಮಕ್ಕಳ ಎದೆಯ ಮೇಲೆ ಅಂಗೈ ಇಟ್ಟು ಹೃದಯವನ್ನು ಓದುವುದನ್ನು ಕಲಿತಳಂತೆ. ಹೃದಯದ ಹೊರಗೆ ಇನ್ನೊಂದು ಸಣ್ಣ ನಾಳ ತೆರೆದೇ ಉಳಿದ ನೀಲಿ ಮಕ್ಕಳು ಉಳಿದವರಿಗಿಂತ ಚೆನ್ನಾಗಿರುವುದನ್ನು ಕಂಡಳು. ಹಾಗಾದರೆ ಅಂಥ ನಾಳವನ್ನು ನಾವೇ ಕಟ್ಟಬಾರದೇಕೆ ಎಂದು ಕೇಳಿದಳು. ಶಸ್ತ್ರವೈದ್ಯ ಬ್ಲಾಲಾಕ್ 1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣು ಕೂಸಿಗೆ ಅದನ್ನು ಕಟ್ಟಿದ. ಅದನ್ನು ನಾಯಿಗಳ ಮೇಲೆ ಪ್ರಯೋಗ ಮಾಡಿ ಪಳಗಿದ್ದವನು ವಿವಿಯನ್ ಥಾಮಸ್ ಎಂಬ ಕಪ್ಪು ಜನಾಂಗದ ಪ್ರಯೋಗಾಲಯ ಸಹಾಯಕ. ಡಾಕ್ಟರಿಕೆ ಓದಲು ಅವನಿಗೆ ಅನುಕೂಲವಾಗಿರಲಿಲ್ಲ. ಶಸ್ತ್ರಕ್ರಿಯೆಯುದ್ದಕ್ಕೂ ಬ್ಲಾಲಾಕನ ಹಿಂದೆ ಸ್ಟೂಲಿನ ಮೇಲೆ ನಿಂತು ಹೀಗೆ ಹಾಗೆ ಎಂದು ಹೇಳಿಕೊಟ್ಟ. ಕಿವಿ ಕೇಳದವಳೊಬ್ಬಳು, ಓದಲು ಬಿಡದವನೊಬ್ಬ. ಕಿವಿ ಕಣ್ಣು ಎಲ್ಲ ನೆಟ್ಟಗಿದ್ದು, ಟಿ.ಸಿ.ಎಚ್. ಪಾಸಾಗಿದ್ದ ನಾನು.

1991ರ ನವೆಂಬರಿನಲ್ಲಿ ಪುಟ್ಟಪರ್ತಿಯಲ್ಲಿ ಹೃದಯದ ಶಸ್ತ್ರಕ್ರಿಯೆಯನ್ನು ಪುಕ್ಕಟೆ ಮಾಡುವ ಆಸ್ಪತ್ರೆ ತೆರೆದಿತ್ತು ಎಂಬುದನ್ನೂ ಓದಿದೆ. ಬಸ್ಸು ಬದಲಿಸಿ ಹೋದರೆ ಇಳಕಲ್ಲಿನಿಂದ ಮರುದಿನ ಮುಟ್ಟಬಹುದಾದ ಊರು. ಓದಬಾರದಿತ್ತು ಎನಿಸಿತು.

ಹೀಗೆ ಎನಿಸುವುದು ನನಗೊಬ್ಬಳಿಗೇ ಅಲ್ಲ ಎಂದು ಗೊತ್ತಾದದ್ದು ಬಾದಾಮಿಯಲ್ಲಿ, ನಮ್ಮದೇ ಮನೆಯಲ್ಲಿ. ನನ್ನ ತಮ್ಮ ಅಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ನಮ್ಮ ಅಕ್ಕನ ಮಗಳೇ. ನಮ್ಮ ಕಡೆ ಇದು ಹೊಸತಲ್ಲ. ಆ ಮದುವೆಗೆ ಮುಂದೆ ನಿಂತು ಒಪ್ಪಿಸಿದವಳು ನಾನು. ಅಕ್ಕ ವಿಧವೆ, ಮಗಳ ಜೊತೆ ಇರುತ್ತಾಳೆ, ತಮ್ಮನ ಜೊತೆಯೂ ಆದಂತಾಯಿತು ಎಂಬ ಲೆಕ್ಕ. ಅವರಿಗೆ ಮೊದಲು ಮಗ, 2013ರಲ್ಲಿ ಮಗಳು. ಆ ಮಗಳು ನನ್ನನ್ನು ಅತ್ತಿ ಎನ್ನಬೇಕೋ ಆಯಿ ಎನ್ನಬೇಕೋ ಎಂದು ಮನೆಯಲ್ಲಿ ನಗೆಯಾಡುತ್ತಿದ್ದೆವು.

2018ರ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಹೋದಾಗ, ಬಳೆ ಅಂಗಡಿಯ ಮುಂದೆ ತಮ್ಮನ ಹೆಂಡತಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು. "ಚಿಗವ್ವಾ, ಯಾರ ಮುಂದೂ ಹೇಳಬ್ಯಾಡ ಅಂದಾಳ ಅವ್ವ. ಅಂಗನವಾಡಿಗೆ ಡಾಕ್ಟ್ರು ಬಂದಿದ್ರು. ಕೂಸಿನ ಎದಿಯಾಗ ಏನೋ ಸಪ್ಪಳ ಐತಿ, ಬಾಗಲಕೋಟಿಗೆ ತೋರಸ್ರಿ ಅಂತ ಚೀಟಿ ಬರದಾರ." ಚೀಟಿ ಬಂದು ಮೂರು ತಿಂಗಳಾಗಿತ್ತು. ಅಕ್ಕ ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದಳು.

ಅಕ್ಕನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹರಿದು ಒಗೆಯಲು ಮನಸ್ಸಿಲ್ಲ, ತೆಗೆದು ನೋಡಲು ಧೈರ್ಯವಿಲ್ಲ. ಅದಕ್ಕೇ ದೇವರ ಹತ್ತಿರ ಇಟ್ಟಿದ್ದಾಳೆ. ಕೂಸು ಚೆನ್ನಾಗಿ ಓಡಾಡುತ್ತಿತ್ತು, ತುಟಿ ಕೆಂಪಗಿತ್ತು. ನೆಗಡಿ ಕೆಮ್ಮು ಪದೇ ಪದೇ ಬರುತ್ತಿತ್ತು, ಅಷ್ಟೆ. "ಆಡಿಕೊಂಡಿರೋ ಕೂಸಿಗೆ ರೋಗ ಐತಿ ಅಂತ ಯಾಕ ಹುಡುಕತೀರಿ? ನೋಡಲಾರದಿದ್ರ ಇರಲೇ ಇಲ್ಲ" ಎಂಬುದು ಅಕ್ಕನ ವಾದ. ನಾನು ಮೊದಲ ಸಲ ಇಳಕಲ್ಲಿನ ಹುಡುಗಿಯ ಕತೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದೆ. ಅಕ್ಕ ಏನೂ ಮಾತಾಡದೆ ಜಗಲಿಗೆ ಹೋಗಿ ಚೀಟಿ ತಂದು ಕೊಟ್ಟಳು.

ಬಾಗಲಕೋಟೆಯಲ್ಲಿ ಎಕೋ ಮಾಡಿದರು. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಒಂದು ಸಣ್ಣ ಯಂತ್ರ ಆಡಿಸಿದರೆ ಪರದೆಯ ಮೇಲೆ ಹೃದಯ ಬಡಿಯುವುದು ಕಾಣುತ್ತದೆ. ರಕ್ತ ಕೆಂಪು ನೀಲಿ ಬಣ್ಣದಲ್ಲಿ ಹರಿಯುತ್ತದೆ. ನೀಲಿ ಕಂಡು ನನ್ನ ಕೈಕಾಲು ತಣ್ಣಗಾದವು. ಡಾಕ್ಟರು ನಕ್ಕು, ಯಂತ್ರದ ಕಡೆ ಬರುವ ರಕ್ತಕ್ಕೆ ಕೆಂಪು, ದೂರ ಹೋಗುವುದಕ್ಕೆ ನೀಲಿ, ಬೇರೇನೂ ಅರ್ಥವಿಲ್ಲ ಎಂದರು. ಮೇಲಿನ ಎರಡು ಕೋಣೆಗಳ ನಡುವೆ ದೊಡ್ಡ ರಂಧ್ರವಿತ್ತು. ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳು ಹೃದಯದ ಯಾವುದೋ ಒಂದು ದೋಷದೊಡನೆ ಹುಟ್ಟುತ್ತಾರೆ, ಸಣ್ಣ ರಂಧ್ರಗಳು ಎಷ್ಟೋ ಸಲ ತಾವೇ ಮುಚ್ಚುತ್ತವೆ, ಇದು ಮುಚ್ಚುವಂಥದಲ್ಲ ಎಂದರು. ಹಾಗೇ ಬಿಟ್ಟರೆ ಏನೂ ಆಗದಂತೆ ಬೆಳೆಯುತ್ತಾಳೆ. ಮುಂದೆ ಬಸುರಿಯಾದಾಗಲೋ ಮೂವತ್ತು ನಲವತ್ತರ ವಯಸ್ಸಿಗೋ ಹೃದಯ ಸೋಲತೊಡಗುತ್ತದೆ. ಕೆಲವರಿಗೆ ಶ್ವಾಸಕೋಶದ ನಾಳಗಳು ಬಿರುಸಾಗಿಬಿಟ್ಟರೆ ಆಮೇಲೆ ರಂಧ್ರ ಮುಚ್ಚಿಯೂ ಉಪಯೋಗವಿಲ್ಲ.

ನಂತರ ಕೇಳಿದರು, "ಸಂಬಂಧದಾಗ ಮದುವ್ಯಾಗ್ಯಾರೇನ್ರಿ?"

ಎಲ್ಲರೂ ನೆಲ ನೋಡಿದೆವು. ಅಷ್ಟರವರೆಗೆ ಮನೆಯಲ್ಲಿ ತಪ್ಪು ತಾಯಿಯದಾಗಿತ್ತು. ಗ್ರಹಣದ ದಿನ ಕಾಯಿಪಲ್ಲೆ ಹೆಚ್ಚಿದಳಂತೆ. ಈಗ ಅದು ನನ್ನ ಕಡೆ ತಿರುಗಿತು. ಡಾಕ್ಟರು ಮೃದುವಾಗಿಯೇ ಹೇಳಿದರು, ರಕ್ತಸಂಬಂಧದ ಮದುವೆಯಲ್ಲಿ ಅಪಾಯ ಸ್ವಲ್ಪ ಹೆಚ್ಚು, ಆದರೆ ಬಹಳಷ್ಟು ಮಕ್ಕಳಲ್ಲಿ ಇದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ ಎಂದು. ಇದೇ ದಂಪತಿಯ ಮಗ ಗಟ್ಟಿಮುಟ್ಟಾಗಿದ್ದಾನಲ್ಲ. ಕಾರಣ ಬೇರೆ, ತಪ್ಪು ಬೇರೆ ಎಂದು ನಾನು ಹೇಳಿಕೊಂಡೆ. ಒಂದಕ್ಕೆ ನಾನಾದೆ, ಇನ್ನೊಂದಕ್ಕೆ ಆಗಲಿಲ್ಲ. ಇಳಕಲ್ಲಿನ ಲೆಕ್ಕ ಇದಕ್ಕೆ ತಲೆಕೆಳಗು. ಅಲ್ಲಿ ರೋಗಕ್ಕೆ ನಾನು ಕಾರಣಳಲ್ಲ, ತಪ್ಪು ಮಾತ್ರ ನನ್ನದು.

ಚಿಕಿತ್ಸೆಯ ಖರ್ಚನ್ನು ಬಿ.ಪಿ.ಎಲ್. ಕಾರ್ಡಿನ ಮೇಲೆ ಸರ್ಕಾರವೇ ಕೊಡುವುದಾಯಿತು. ಆದರೆ ಬೆಂಗಳೂರಿಗೆ ಹೋದ ಮೇಲೆ ಇನ್ನೊಂದು ತೊಡಕು. ಈಗ ಇಂಥ ರಂಧ್ರಗಳನ್ನು ತೊಡೆಯ ಸಂದಿಯ ರಕ್ತನಾಳದಿಂದ ಪುಟ್ಟ ಛತ್ರಿಯಂಥ ಸಾಧನ ತೂರಿಸಿ, ಎದೆ ತೆರೆಯದೆಯೇ ಮುಚ್ಚುತ್ತಾರೆ. ನಮ್ಮ ಕೂಸಿನ ರಂಧ್ರಕ್ಕೆ ಒಂದು ಬದಿಗೆ ಅಂಚೇ ಇರಲಿಲ್ಲ, ಛತ್ರಿಗೆ ಹಿಡಿತ ಸಿಗದು. ಎದೆ ತೆರೆದು, ಹೃದಯದ ಹೊರಪೊರೆಯ ತುಂಡನ್ನೇ ಕತ್ತರಿಸಿ ತೇಪೆ ಹಾಕಬೇಕು. "ಎದಿಗೆ ತ್ಯಾಪಿ ಹಚ್ಚತಾರೇನು?" ಎಂದು ಅಕ್ಕ ಕೂತುಬಿಟ್ಟಳು. ಅಪಾಯ ನೂರರಲ್ಲಿ ಒಂದಕ್ಕಿಂತ ಕಡಿಮೆ ಎಂದರು. "ಆ ಒಂದು ನಮ್ಮದ ಆದರ?" ಎಂದಳು. ಉತ್ತರವಿಲ್ಲದ ಪ್ರಶ್ನೆ. ಆಮೇಲೆ ತಗ್ಗಿದ ದನಿಯಲ್ಲಿ, "ಹೆಣ್ಣು ಹುಡುಗಿ. ಎದಿ ನಡುವು ಗೆರಿ ಬಿದ್ದಾಕಿನ್ನ ನಾಳೆ ಯಾರು ಮಾಡಿಕೊಂತಾರ?"

ಇದನ್ನು ಅಕ್ಕನೊಬ್ಬಳ ಹಳೆಯ ಬುದ್ಧಿ ಎಂದು ತಳ್ಳಿಹಾಕಬೇಡಿ. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯದ ಶಸ್ತ್ರಕ್ರಿಯೆ ಬೇಕೆಂದು ಹೇಳಿದ ಗಂಡುಮಕ್ಕಳಲ್ಲಿ ನೂರಕ್ಕೆ 70 ಮಂದಿಗೆ ಅದು ಆಗಿತ್ತು, ಹೆಣ್ಣುಮಕ್ಕಳಲ್ಲಿ 44 ಮಂದಿಗೆ. ಗಾಯದ ಗುರುತು, ಮದುವೆ ಎಂಬ ಮಾತು ಅಲ್ಲಿಯೂ ಬಂದಿದೆ. ಪ್ರೀತಿಯಿಲ್ಲದೆ ಹೀಗೆ ಮಾಡಿದರೆಂದು ನಾನು ನಂಬುವುದಿಲ್ಲ. ಅಕ್ಕನಿಗೆ ಆ ಕೂಸೆಂದರೆ ಜೀವ. ಅವಳು ಹೆದರಿದ್ದು ಕಾಣುವ ಗೆರೆಗೆ. ಒಳಗಿನ ರಂಧ್ರವನ್ನು ಬೀಗರು ನೋಡುವುದಿಲ್ಲವಲ್ಲ.

ನನಗೆ ಕಾಡಿದ್ದು ಬೇರೆ. ಆಡಿಕೊಂಡಿರುವ ನಾಲ್ಕು ವರ್ಷದ ಹುಡುಗಿಯನ್ನು ಮೇಜಿನ ಮೇಲೆ ಮಲಗಿಸುವುದು ಮುಂದೆಂದೋ ಆಗಲಿರುವ ಮೂವತ್ತು ವರ್ಷದ ಹೆಂಗಸಿಗಾಗಿ. ಒಬ್ಬಳಿಗೆ ಕೇಳಿದರೆ ತಿಳಿಯದು, ಇನ್ನೊಬ್ಬಳು ಇನ್ನೂ ಬಂದೇ ಇಲ್ಲ. ಇಬ್ಬರ ಪರವಾಗಿ ಸಹಿ ಮಾಡುವ ಹಕ್ಕು ನಮಗೆ ಯಾರು ಕೊಟ್ಟರು? ಆದರೆ ಸಹಿ ಮಾಡದಿರುವುದೂ ಒಂದು ಸಹಿಯೇ. ಅದಕ್ಕೆ ಕಾಗದ ಬೇಡ ಎಂಬುದಷ್ಟೇ ವ್ಯತ್ಯಾಸ. ನಾನು ಇಳಕಲ್ಲಿನಲ್ಲಿ ಆರು ತಿಂಗಳು ದಿನಾ ಅಂಥ ಸಹಿ ಹಾಕುತ್ತಿದ್ದೆ.

ಮುಂದೆ ಓದಿದ ಒಂದು ಸಂಗತಿ ಇಲ್ಲಿಯೇ ಹೇಳಿಬಿಡುತ್ತೇನೆ. ಹೃದಯ ನಿಲ್ಲಿಸಿ ಕೆಲಸ ಮಾಡುವ ಯಂತ್ರ ಇನ್ನೂ ನೆಚ್ಚುವಂತಿರಲಿಲ್ಲ. ಆಗ ಅಮೆರಿಕದ ಮಿನಿಯಾಪೊಲಿಸ್ಸಿನಲ್ಲಿ ಲಿಲೆಹೈ ಎಂಬ ವೈದ್ಯ, 1954ರ ಮಾರ್ಚ್ 26ರಂದು, ಮಗುವಿನ ಪಕ್ಕದ ಮೇಜಿನ ಮೇಲೆ ತಂದೆಯನ್ನು ಮಲಗಿಸಿದ. ಇಬ್ಬರ ರಕ್ತನಾಳಗಳನ್ನು ಕೊಳವೆಯಿಂದ ಜೋಡಿಸಿ, ತಂದೆಯ ಹೃದಯ ಮತ್ತು ಶ್ವಾಸಕೋಶದಿಂದಲೇ ಮಗುವನ್ನು ಬದುಕಿಸಿಟ್ಟು ರಂಧ್ರ ಹೊಲಿದ. ಒಂದು ಶಸ್ತ್ರಕ್ರಿಯೆಯಲ್ಲಿ ಎರಡು ಸಾವು ಆಗಬಹುದೆಂದು ಜನ ಬೈದರು. ಆ ಮಗು ಹನ್ನೊಂದು ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡಿತು. ಆದರೂ ಮುಂದೆ ತಂದೆತಾಯಿಗಳು ಬಂದು ಮಲಗಿದರು. ಒಟ್ಟು 45 ಶಸ್ತ್ರಕ್ರಿಯೆಗಳಾಗಿ 28 ಮಕ್ಕಳು ಮನೆಗೆ ಹೋದರು. ಅಲ್ಲಿ ಮಲಗಿದ ತಾಯಂದಿರ ಬಗ್ಗೆ ನನಗೆ ಒಂದು ಬಗೆಯ ಹೊಟ್ಟೆಕಿಚ್ಚು. ಕೂಸನ್ನು ಒಳಗೆ ಕಳಿಸಿ ಹೊರಗೆ ಬೆಂಚಿನ ಮೇಲೆ ಕೂಡುವುದಕ್ಕಿಂತ ಅದು ಸುಲಭವಿದ್ದೀತು.

ಸಹಿಯ ಹೊತ್ತಿಗೆ ತಮ್ಮನ ಕೈ ನಡುಗಿತು. ಪೆನ್ನು ಕಸಿದು ಸಹಿ ಮಾಡಿದವಳು ಅವನ ಹೆಂಡತಿ. ಎಸ್.ಎಸ್.ಎಲ್.ಸಿ. ಫೇಲಾದ ಹುಡುಗಿ, ಗ್ರಹಣದ ಮಾತು ಕೇಳಿಯೂ ತುಟಿಪಿಟಕ್ಕೆನ್ನದವಳು. "ಗೆರಿ ಇದ್ರ ಇರಲಿ ಬಿಡವ್ವಾ, ಕೂಸ ಇರಬೇಕಲ್ಲ ಗೆರಿ ಇರಾಕ" ಅಂದಳು.

ಎಲ್ಲ ಸುಸೂತ್ರವಾಯಿತು. ಹತ್ತು ದಿನಕ್ಕೆ ಊರಿಗೆ ಬಂದೆವು. ಹುಡುಗಿ ಈಗ ಮಾಧ್ಯಮಿಕ ಶಾಲೆಯಲ್ಲಿದ್ದಾಳೆ. ಗಣಿತ ಅಷ್ಟಕ್ಕಷ್ಟೆ, ಖೋಖೋದಲ್ಲಿ ತಾಲೂಕು ಮಟ್ಟಕ್ಕೆ ಹೋಗಿದ್ದಳು.

ಆ ವರ್ಷವೇ ಶ್ರಾವಣದಲ್ಲಿ, ತಮ್ಮನ ಹೆಂಡತಿಗೆ ಒಂದು ತೋಪುತೆನೆ ಸೆರಗಿನ ಸೀರೆ ಕೊಡಬೇಕೆಂದು ಇಳಕಲ್ಲಿಗೆ ಹೋದೆ. ಸೀರೆ ಒಂದು ನೆವ. ಆ ಓಣಿಗೆ ಹೋಗಿ, ಆ ತಾಯಿಯನ್ನು ಕಂಡು, ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮನೆ ಸಿಕ್ಕಿತು. ಗಂಡ ತೀರಿಕೊಂಡಿದ್ದ, ಮಗ ನೇಯುತ್ತಿದ್ದ. ತಲೆ ಬೆಳ್ಳಗಾದ ಆಕೆ ಇನ್ನೂ ಕಂಡಿಕೆ ಸುತ್ತುತ್ತಲೇ ಇದ್ದಳು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದಳು. "ನಮ್ಮ ಹುಡುಗಿ ಅಕ್ಕೋರಲ್ಲೇನ್ರಿ ನೀವು" ಎಂದು ಸೆರಗಿನಿಂದ ಕಟ್ಟೆ ಒರೆಸಿ ಕೂಡಿಸಿದಳು.

"ಆಕಿ ನಿಮ್ಮದ ಭಾಳ ಹೇಳತಿದ್ಲರಿ. ಅಕ್ಕೋರು ನನಗ ಗ್ವಾಡಿ ಹಂತ್ಯಾಕ ನಿಂದರಸ್ತಾರ, ಗ್ವಾಡಿ ತಂಪ ಇರತೈತಿ ಬೇ ಅಂತಿದ್ಲು. ಎದಿ ಉರಿತಿತ್ತಲ್ರಿ ಆಕಿಗೆ. ದೇವರು ಕರಕೊಂಡ. ಆತ ಕೊಟ್ಟದ್ದ ಅಷ್ಟ."

ಇಪ್ಪತ್ತೈದು ವರ್ಷ ಆಕೆ ಅದನ್ನು ಹಾಗೆ ನಂಬಿಕೊಂಡು ಬಂದಿದ್ದಳು. ಕುಕ್ಕರಗಾಲು, ನೀಲಿ ತುಟಿ, ಪುಟ್ಟಪರ್ತಿ, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು. ಆಕೆಗೆ ಏನು ಸಿಗುತ್ತಿತ್ತು? ಉಳಿಯಬಹುದಾಗಿದ್ದ ಮಗಳು. ಮನೆಯಲ್ಲಿ ಅಕ್ಕನ ಕೈಯಿಂದ ಚೀಟಿ ಇಸಿದುಕೊಂಡವಳು ನಾನು, ಇಲ್ಲಿ ನಾನೇ ಚೀಟಿಯನ್ನು ಮಡಚಿ ಇಟ್ಟುಕೊಂಡು ಕುಳಿತಿದ್ದೆ. ಇದು ಕರುಣೆಯೋ ಅಂಜಿಕೆಯೋ ಇವತ್ತಿಗೂ ನನಗೆ ಬಗೆಹರಿದಿಲ್ಲ. ಚಹಾ ತಂದಳು, ಕುಡಿದೆ.

ಸೀರೆ ಆರಿಸಿ ಹಣ ಕೊಟ್ಟೆ. ಎಣಿಸಿಕೊಂಡು, ಅದರಲ್ಲಿ ನೂರು ರೂಪಾಯಿಯ ನೋಟೊಂದನ್ನು ತಿರುಗಿ ನನ್ನ ಕೈಯಲ್ಲಿಟ್ಟಳು. ಬೇಡವೆಂದೆ. "ಇರಲಿ ಬಿಡ್ರಿ, ಆಕಿ ಅಕ್ಕೋರು ನೀವು" ಅಂದಳು.